ಹೊಲದ ಲೆಕ್ಕ, ನಾಡಿನ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ಮಾತು. ಇರುವ ಅನುಕೂಲಕ್ಕೆ ತಕ್ಕಂತೆ ಬಾಳಬೇಕೆಂಬುದು ಇದರ ತಾತ್ಪರ್ಯ. ಆದರೆ ಇರುವ ಹಾಸಿಗೆಯಲ್ಲಿಯೇ ಹೇಗೆ ಮಲಗಿದರೆ ಹೆಚ್ಚು ಸುಖವಾಗಿ ನಿದ್ರಿಸಬಹುದೆಂಬುದನ್ನು ಈ ಗಾದೆ ಹೇಳುವುದಿಲ್ಲ. ಮಿತವಾದ ಸಾಧನಗಳನ್ನು ಹೇಗೆ ಹಂಚಿಕೊಂಡರೆ ಅತ್ಯಧಿಕ ಫಲ ದೊರೆಯುತ್ತದೆ ಎಂಬ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡು ಗಣಿತಶಾಸ್ತ್ರದ ಒಂದು ಶಾಖೆ ಇಪ್ಪತ್ತನೆಯ ಶತಮಾನದಲ್ಲಿ ಬೆಳೆದು ಬಂದಿತು. ಅದಕ್ಕೆ ರೇಖೀಯ ಪ್ರೋಗ್ರಾಮಿಂಗ್ ಎಂದು ಹೆಸರು.

ಈ ಪ್ರಶ್ನೆಯನ್ನು ಪ್ರತಿವರ್ಷವೂ ತಪ್ಪದೆ ಎದುರಿಸುವವನು ರೈತ. ಮುಂಗಾರು ಮೋಡಗಳು ಕಾಣಿಸಿಕೊಂಡೊಡನೆ ಯಾವ ಹೊಲಕ್ಕೆ ಯಾವ ಬೀಜವೆಂದು ಅವನು ನಿರ್ಧರಿಸಬೇಕು. ಅವನ ಭೂಮಿಗೆ ಎಲ್ಲೆಯುಂಟು, ನೀರಿಗೆ ಮಿತಿಯುಂಟು, ಆಳುಗಳು, ಎತ್ತುಗಳು, ಬಂಡವಾಳ ಎಲ್ಲವೂ ಮಿತವೇ. ಒಮ್ಮೆ ಬಿತ್ತಿದ ಮೇಲೆ ಮನಸ್ಸು ಬದಲಾಯಿಸುವಂತಿಲ್ಲ. ಅವನ ನಿರ್ಧಾರ ತಪ್ಪಿದರೆ ಅದರ ಫಲವನ್ನು ಇಡೀ ಕುಟುಂಬವು ಒಂದು ವರ್ಷ ಕಾಲ ಉಣ್ಣಬೇಕಾಗುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಒಬ್ಬ ರೈತನಿಗೆ 5 ಎಕರೆ ಜಮೀನಿದೆ. ಬೆಳೆಗಾಲಕ್ಕೆ ಅವನ ಪಾಲಿಗೆ ಬರುವ ಕೆರೆಯ ನೀರು 18 ಅಳತೆ. ಒಂದು ಎಕರೆ ಭತ್ತಕ್ಕೆ 6 ಅಳತೆ ನೀರು ಬೇಕು. ಒಂದು ಎಕರೆ ರಾಗಿಗೆ 2 ಅಳತೆ ಸಾಕು. ಖರ್ಚು ಕಳೆದು ಎಕರೆಗೆ ಭತ್ತದಿಂದ 12,000 ರೂಪಾಯಿ, ರಾಗಿಯಿಂದ 8,000 ರೂಪಾಯಿ ಉಳಿಯುತ್ತದೆ ಎಂದು ಭಾವಿಸೋಣ. ಈ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಆರಿಸಿಕೊಂಡವು.

ಭತ್ತದ ಆದಾಯವೇ ಹೆಚ್ಚೆಂದು ಅವನು ಭತ್ತವನ್ನು ಮಾತ್ರ ನಾಟಿ ಮಾಡಿದರೆ, 3 ಎಕರೆಗೆ ನೀರೆಲ್ಲ ಮುಗಿಯುತ್ತದೆ. ಉಳಿದ 2 ಎಕರೆ ಬೀಳು ಬೀಳುತ್ತದೆ. ಆದಾಯ 36,000 ರೂಪಾಯಿ. ನೀರಿನ ಉಳಿತಾಯವೇ ಮುಖ್ಯವೆಂದು 5 ಎಕರೆಗೂ ರಾಗಿಯನ್ನೇ ಬಿತ್ತಿದರೆ ಆದಾಯ 40,000 ರೂಪಾಯಿ. ಆದರೆ 8 ಅಳತೆ ನೀರು ಬಳಕೆಯಾಗದೆ ಉಳಿಯುತ್ತದೆ. ಮೊದಲನೆಯ ಯೋಜನೆಯಲ್ಲಿ ಭೂಮಿ ವ್ಯರ್ಥ. ಎರಡನೆಯದರಲ್ಲಿ ನೀರು ವ್ಯರ್ಥ.

ಎರಡನ್ನೂ ಪೂರ್ಣವಾಗಿ ಬಳಸುವ ಮಾರ್ಗವಿಲ್ಲವೆ? ರಾಗಿಗೆ ಮೀಸಲಾದ ಒಂದು ಎಕರೆಯನ್ನು ಭತ್ತಕ್ಕೆ ಬಿಟ್ಟರೆ 4 ಅಳತೆ ನೀರು ಹೆಚ್ಚಾಗಿ ಬೇಕಾಗುತ್ತದೆ. ಆದಾಯವೂ 4,000 ರೂಪಾಯಿ ಹೆಚ್ಚುತ್ತದೆ. ಉಳಿದಿರುವ 8 ಅಳತೆ ನೀರಿನಿಂದ ಇಂತಹ ಎರಡು ಎಕರೆಗಳನ್ನು ಬದಲಾಯಿಸಬಹುದು. ಆಗ ಭತ್ತ 2 ಎಕರೆ, ರಾಗಿ 3 ಎಕರೆ. ನೀರಿನ ಬಳಕೆ ಸರಿಯಾಗಿ 18 ಅಳತೆ. ಆದಾಯ 48,000 ರೂಪಾಯಿ. ಭತ್ತವನ್ನು ಇನ್ನೂ ಅರ್ಧ ಎಕರೆ ಹೆಚ್ಚಿಸಿದರೆ ಉಳಿಯುವ ನೀರು ಒಂದೂವರೆ ಎಕರೆ ರಾಗಿಗೆ ಮಾತ್ರ ಸಾಲುತ್ತದೆ; ಆದಾಯವು 42,000 ರೂಪಾಯಿಗೆ ಇಳಿಯುತ್ತದೆ. ಆದುದರಿಂದ ಈ ಮಿತಿಗಳೊಳಗೆ 48,000 ರೂಪಾಯಿಯೇ ಪರಮಾವಧಿ.

ಇಲ್ಲಿ ನಾವು ಮಾಡಿದ್ದು ಮೂರು ಕೆಲಸಗಳನ್ನು. ನಿರ್ಧರಿಸಬೇಕಾದುದು ಯಾವುದೆಂದು ಗುರುತಿಸಿದೆವು: ಯಾವ ಬೆಳೆ ಎಷ್ಟು ಎಕರೆ ಎಂಬುದು. ಮೀರಲಾಗದ ಮಿತಿಗಳನ್ನು ಬರೆದುಕೊಂಡೆವು: ಭೂಮಿ ಮತ್ತು ನೀರು. ಗುರಿಯನ್ನು ಸ್ಪಷ್ಟಪಡಿಸಿದೆವು: ಅತ್ಯಧಿಕ ಆದಾಯ. ಈ ಮೂರೂ ಸೇರಿದ ಲೆಕ್ಕದ ಚೌಕಟ್ಟಿಗೆ ಮಾದರಿ ಎಂದು ಹೆಸರು. ಈ ಸಂಬಂಧಗಳನ್ನು ನಕ್ಷೆಯ ಮೇಲೆ ಬಿಡಿಸಿದರೆ ಸರಳರೇಖೆಗಳು ದೊರೆಯುವುದರಿಂದ ಇದನ್ನು ರೇಖೀಯ ಎನ್ನುತ್ತಾರೆ.

ಈ ಲೆಕ್ಕದಿಂದ ಇನ್ನೊಂದು ಅಮೂಲ್ಯ ಸಂಗತಿಯೂ ಹೊರಬೀಳುತ್ತದೆ. ರೈತನಿಗೆ ಒಂದು ಅಳತೆ ನೀರು ಹೆಚ್ಚಾಗಿ ದೊರೆತರೆ, ಅವನು ರಾಗಿಯ 10 ಗುಂಟೆಯನ್ನು ಭತ್ತಕ್ಕೆ ಬಿಡಬಹುದು; ಆದಾಯ 1,000 ರೂಪಾಯಿ ಏರುತ್ತದೆ. ಅಂದರೆ ಅವನ ಪಾಲಿಗೆ ಒಂದು ಅಳತೆ ನೀರಿನ ಬೆಲೆ 1,000 ರೂಪಾಯಿ. ನೀರು ಅಷ್ಟೇ ಇದ್ದು ಭೂಮಿ ಒಂದು ಎಕರೆ ಹೆಚ್ಚಿದರೆ, ಭತ್ತವನ್ನು 1 ಎಕರೆ 20 ಗುಂಟೆಗೆ ಇಳಿಸಿ ರಾಗಿಯನ್ನು 4 ಎಕರೆ 20 ಗುಂಟೆಗೆ ಏರಿಸಬೇಕಾಗುತ್ತದೆ. ಆದಾಯ 54,000 ರೂಪಾಯಿಯಾಗುತ್ತದೆ. ಅಂದರೆ ಒಂದು ಎಕರೆ ಭೂಮಿಯ ಬೆಲೆ 6,000 ರೂಪಾಯಿ. ಸಂತೆಯಲ್ಲಿ ಯಾರೂ ಕೂಗದ, ಆದರೆ ಲೆಕ್ಕದ ಒಳಗೆ ನೆರಳಿನಂತೆ ಅಡಗಿರುವ ಈ ಬೆಲೆಯನ್ನು ಛಾಯಾ ಬೆಲೆ ಎಂದು ಕರೆಯುತ್ತಾರೆ. ನೆರೆಯವನು ಒಂದು ಅಳತೆ ನೀರನ್ನು 800 ರೂಪಾಯಿಗೆ ಕೊಟ್ಟರೆ ಕೊಳ್ಳುವುದು ಲಾಭ. 1,500 ಕೇಳಿದರೆ ನಷ್ಟ. ಐದು ಎಕರೆಯ ಛಾಯಾ ಬೆಲೆ 30,000 ರೂಪಾಯಿ. ಹದಿನೆಂಟು ಅಳತೆ ನೀರಿನದು 18,000 ರೂಪಾಯಿ. ಎರಡನ್ನೂ ಕೂಡಿದರೆ 48,000 ರೂಪಾಯಿ. ಅದೇ ರೈತನ ಆದಾಯ! ಇದು ಆಕಸ್ಮಿಕವಲ್ಲ. ಇಂತಹ ಪ್ರತಿಯೊಂದು ಲೆಕ್ಕದಲ್ಲಿಯೂ ಫಲವು ಅದನ್ನು ತಂದ ಸಾಧನಗಳ ನಡುವೆ ಹೀಗೆಯೇ ಹಂಚಿಹೋಗುತ್ತದೆ.

ಎರಡು ಬೆಳೆ, ಎರಡು ಮಿತಿಗಳಿದ್ದರೆ ಕಾಗದದ ಮೇಲೆಯೇ ಲೆಕ್ಕ ಮುಗಿಯುತ್ತದೆ. ಬೆಳೆಗಳು ಹತ್ತಾರು, ಮಿತಿಗಳು ನೂರಾರು ಆದಾಗ ಏನು ಮಾಡಬೇಕು? 1939ರಲ್ಲಿ ಲೆನಿನ್‌ಗ್ರಾಡಿನ ತರುಣ ಗಣಿತಜ್ಞ ಲಿಯೊನಿಡ್ ಕ್ಯಾಂಟರೋವಿಚ್ ಪ್ಲೈವುಡ್ ಕಾರ್ಖಾನೆಯ ಯಂತ್ರಗಳ ಕೆಲಸವನ್ನು ಹಂಚುವ ಸಮಸ್ಯೆಯಿಂದ ಹೊರಟು ಇಂತಹ ಲೆಕ್ಕಗಳಿಗೆ ಒಂದು ಮಾರ್ಗವನ್ನು ಪ್ರಕಟಿಸಿದನು. 1947ರಲ್ಲಿ ಅಮೆರಿಕದ ವಾಯುಪಡೆಯ ಯೋಜನಾ ವಿಭಾಗದಲ್ಲಿದ್ದ ಜಾರ್ಜ್ ಡಾಂಟ್ಸಿಗ್ ಸಿಂಪ್ಲೆಕ್ಸ್ ಎಂಬ ವಿಧಾನವನ್ನು ಕಂಡುಹಿಡಿದನು. ಅಲ್ಲಿನ ಸೈನ್ಯದವರು ಯೋಜನೆಗೆ ಪ್ರೋಗ್ರಾಂ ಎನ್ನುತ್ತಿದ್ದುದರಿಂದ ಈ ಶಾಖೆಗೆ ಪ್ರೋಗ್ರಾಮಿಂಗ್ ಎಂಬ ಹೆಸರು ಬಂದಿತು. ಭಾರತದಲ್ಲಿ ಜನಿಸಿದ ನರೇಂದ್ರ ಕರ್ಮಾರ್ಕರ್ 1984ರಲ್ಲಿ ಬೇರೊಂದು ವೇಗದ ವಿಧಾನವನ್ನು ಪ್ರಕಟಿಸಿ ವಿಶ್ವದ ಗಮನ ಸೆಳೆದರು.

ಸಿಂಪ್ಲೆಕ್ಸ್ ವಿಧಾನದ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಅನ್ನದ ಲೆಕ್ಕದ ಮೇಲೆಯೇ ಎಂಬುದು ಸ್ವಾರಸ್ಯಕರ ಸಂಗತಿ. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಒಂದು ಪ್ರಶ್ನೆಯನ್ನು ಮುಂದಿಟ್ಟಿದ್ದನು. 77 ಬಗೆಯ ಆಹಾರಪದಾರ್ಥಗಳಿಂದ 9 ಬಗೆಯ ಪೋಷಕಾಂಶಗಳನ್ನು ಅತಿ ಕಡಿಮೆ ಖರ್ಚಿನಲ್ಲಿ ಪಡೆಯುವುದು ಹೇಗೆ? ಜಾಣ್ಮೆಯ ಊಹೆಯಿಂದ ಅವನು ಪಡೆದ ಉತ್ತರ, 1939ರ ಬೆಲೆಗಳಲ್ಲಿ ವರ್ಷಕ್ಕೆ 39.93 ಡಾಲರ್. 1947ರಲ್ಲಿ ಗುಮಾಸ್ತರು ಕೈಯಿಂದ ನಡೆಸುವ ಲೆಕ್ಕದ ಯಂತ್ರಗಳನ್ನು ಹಿಡಿದು, ಒಬ್ಬನಿಗೆ 120 ದಿನ ಹಿಡಿಯುವಷ್ಟು ದುಡಿದು, ಸಿಂಪ್ಲೆಕ್ಸ್ ವಿಧಾನದಿಂದ ನಿಜವಾದ ಉತ್ತರವನ್ನು ತೆಗೆದರು. ಅದು 39.69 ಡಾಲರ್. ಇಂದು ಗಣಕಯಂತ್ರವು ಈ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ಹಸುಗಳಿಗೂ ಕೋಳಿಗಳಿಗೂ ಕಡಿಮೆ ಖರ್ಚಿನ ಮೇವಿನ ಮಿಶ್ರಣವನ್ನು ಸಿದ್ಧಪಡಿಸುವವರು ಇದೇ ಲೆಕ್ಕವನ್ನು ಬಳಸುತ್ತಾರೆ.

ಆದರೆ ಯಂತ್ರಕ್ಕೆ ನಾವು ಹೇಳಿದಷ್ಟೇ ತಿಳಿದಿರುತ್ತದೆ. 1950ರ ದಶಕದಲ್ಲಿ ವೈದ್ಯರು ಡಾಂಟ್ಸಿಗ್‌ನಿಗೆ ಮೈತೂಕ ಇಳಿಸಲು ಹೇಳಿದರು. ಅವನು ತನ್ನ ಆಹಾರವನ್ನು ಗಣಕಯಂತ್ರದಿಂದಲೇ ನಿರ್ಧರಿಸಲು ಹೊರಟನು. ಹೊಟ್ಟೆ ತುಂಬಿದಂತೆ ಅನ್ನಿಸಬೇಕೆಂಬುದು ಅವನ ಗುರಿ. ಅದಕ್ಕಾಗಿ ನೀರಿನ ಅಂಶ ಕಳೆದು ಆಹಾರದ ತೂಕವನ್ನು ಲೆಕ್ಕಕ್ಕೆ ಹಿಡಿದನು. ಯಂತ್ರವು 500 ಗ್ಯಾಲನ್ ವಿನೆಗರನ್ನು ಸೇವಿಸಬೇಕೆಂದು ಸೂಚಿಸಿತು! ಪಟ್ಟಿಯಲ್ಲಿ ವಿನೆಗರಿನ ನೀರಿನ ಅಂಶ ಸೊನ್ನೆಯೆಂದು ದಾಖಲಾಗಿದ್ದುದೇ ಇದಕ್ಕೆ ಕಾರಣ. ವಿನೆಗರನ್ನು ಪಟ್ಟಿಯಿಂದ ತೆಗೆದಾಗ, ಸಾರು ಮಾಡಲು ಬಳಸುವ ಉಪ್ಪು ತುಂಬಿದ ಮಾಂಸಸಾರದ ಬಿಲ್ಲೆಗಳನ್ನು ದಿನಕ್ಕೆ 200ರಂತೆ ತಿನ್ನಲು ಹೇಳಿತು. ಉಪ್ಪಿಗೆ ಮೇಲ್ಮಿತಿಯನ್ನು ಯಾರೂ ಬರೆದಿರಲಿಲ್ಲ. ಯಂತ್ರ ತಪ್ಪು ಮಾಡಲಿಲ್ಲ; ಪ್ರಶ್ನೆಯೇ ಅಪೂರ್ಣವಾಗಿತ್ತು.

ನಮ್ಮ ರೈತನ ಲೆಕ್ಕದಲ್ಲಿಯೂ ಇಂತಹ ಒಂದು ಕೊರತೆಯಿದೆ. ಕೆರೆಯಲ್ಲಿ 18 ಅಳತೆ ನೀರು ಇದ್ದೇ ಇರುತ್ತದೆಂದು ನಾವು ನಂಬಿದೆವು. ಮಳೆ ಕೈಕೊಟ್ಟು 12 ಅಳತೆ ಮಾತ್ರ ದೊರೆತರೆ? 3 ಎಕರೆ ರಾಗಿಗೆ 6 ಅಳತೆ ಹೋಗಿ, ಉಳಿದ 6 ಅಳತೆಯಲ್ಲಿ ಒಂದೇ ಎಕರೆ ಭತ್ತ ಉಳಿಯುತ್ತದೆ. ಇನ್ನೊಂದು ಎಕರೆ ಒಣಗುತ್ತದೆ. ಕೈಗೆ ಬರುವುದು 36,000 ರೂಪಾಯಿ. ಅದರಲ್ಲಿಯೂ ಒಣಗಿದ ಪೈರಿಗೆ ಹಾಕಿದ ಬೀಜ, ಗೊಬ್ಬರ, ಕೂಲಿಯನ್ನು ಕಳೆಯಬೇಕು. ಪಕ್ಕದ ಹೊಲದ ರೈತನು ಮೊದಲೇ ಶಂಕಿಸಿ 20 ಗುಂಟೆಗೆ ಮಾತ್ರ ಭತ್ತ ನೆಟ್ಟು, 4 ಎಕರೆ 20 ಗುಂಟೆಗೆ ರಾಗಿ ಬಿತ್ತಿದ್ದನೆಂದುಕೊಳ್ಳಿ. ಅವನಿಗೆ 12 ಅಳತೆ ನೀರು ಸಾಕು. ಮಳೆ ಬಂದರೂ ಬಾರದಿದ್ದರೂ ಅವನ ಆದಾಯ 42,000 ರೂಪಾಯಿ. ಒಳ್ಳೆಯ ವರ್ಷದಲ್ಲಿ ಅವನು 6,000 ರೂಪಾಯಿ ಕಳೆದುಕೊಳ್ಳುತ್ತಾನೆ. ಕೆಟ್ಟ ವರ್ಷದಲ್ಲಿ 6,000ಕ್ಕಿಂತ ಹೆಚ್ಚು ಉಳಿಸಿಕೊಳ್ಳುತ್ತಾನೆ.

ಲಾಭದ ಬೆಳೆಯನ್ನು ಬಿಟ್ಟು ರಾಗಿಯನ್ನೇ ಬಿತ್ತುವ ರೈತನನ್ನು ಹಳೆಯ ಕಾಲದವನೆಂದು ಹಳಿಯುವವರುಂಟು. ಆದರೆ ಅವನ ಎಚ್ಚರಿಕೆಯೂ ಒಂದು ಲೆಕ್ಕವೇ. ಮಗಳ ಮದುವೆ, ಮಗನ ಶಾಲೆ, ತೀರಿಸಬೇಕಾದ ಸಾಲ ಇವುಗಳೆಲ್ಲ ಆ ಲೆಕ್ಕದೊಳಗಿವೆ. 1971ರಲ್ಲಿ ಪೀಟರ್ ಹೇಜೆಲ್ ಎಂಬ ಅರ್ಥಶಾಸ್ತ್ರಜ್ಞನು, ವರ್ಷದಿಂದ ವರ್ಷಕ್ಕೆ ಆದಾಯದಲ್ಲಾಗುವ ಏರಿಳಿತವನ್ನೂ ಇಂತಹ ಮಾದರಿಯೊಳಗೆ ಸೇರಿಸುವ ಸುಲಭವಾದ ಕ್ರಮವೊಂದನ್ನು ತೋರಿಸಿಕೊಟ್ಟನು. ರೈತನು ತಲೆತಲಾಂತರದಿಂದ ಅರಿತಿದ್ದುದನ್ನು ಗಣಿತವು ಆಗ ತನ್ನ ಭಾಷೆಯಲ್ಲಿ ಬರೆದುಕೊಂಡಿತೆನ್ನಬಹುದು.

ಇಷ್ಟು ಹೊತ್ತು ನಾವು ಒಬ್ಬ ರೈತನ ಹೊಲದಲ್ಲಿ ನಿಂತು ನೋಡಿದೆವು. ಇನ್ನು ನಾಡಿನ ಕಡೆಗೆ ತಿರುಗೋಣ. ಒಬ್ಬನ ಲೆಕ್ಕವನ್ನು ಲಕ್ಷದಿಂದ ಗುಣಿಸಿದರೆ ನಾಡಿನ ಲೆಕ್ಕವಾಗುವುದೆ? ಆಗುವುದಿಲ್ಲ. ಒಬ್ಬ ರೈತನು ಎಷ್ಟು ಬೆಳೆದರೂ ಪೇಟೆಯ ಬೆಲೆ ಕದಲುವುದಿಲ್ಲ. ಎಲ್ಲರೂ ಒಂದೇ ಬೆಳೆಯನ್ನು ಬೆಳೆದರೆ ಬೆಲೆಯೇ ಕುಸಿಯುತ್ತದೆ. ಕೋಲಾರದ ಟೊಮೇಟೊ ಬೆಳೆಗಾರರನ್ನು ಕೇಳಿದರೆ ಈ ಪಾಠವನ್ನು ಅವರೇ ಹೇಳಿಯಾರು. 2023ರ ಜುಲೈ ತಿಂಗಳಿನಲ್ಲಿ ದೇಶದ ಹಲವು ನಗರಗಳಲ್ಲಿ ಟೊಮೇಟೊ ಬೆಲೆ ಕಿಲೋಗ್ರಾಮಿಗೆ 100 ರೂಪಾಯಿಯನ್ನು ದಾಟಿತ್ತು. ಆ ವರ್ಷದ ಸೆಪ್ಟೆಂಬರ್ ವೇಳೆಗೆ ಹೊಸ ಬೆಳೆ ಪೇಟೆಗೆ ಬಂದು ಬೆಲೆ ತೀವ್ರವಾಗಿ ಇಳಿಯಿತು. ಏರಿದ ಬೆಲೆಯನ್ನು ನಂಬಿ ಸಸಿ ನೆಟ್ಟವರಿಗೆ ಕೊಯ್ಲಿನ ಹೊತ್ತಿಗೆ ಆ ಬೆಲೆ ಉಳಿದಿರಲಿಲ್ಲ. ಪ್ರತಿಯೊಬ್ಬನ ಲೆಕ್ಕವೂ ಸರಿಯಾಗಿದ್ದು ಎಲ್ಲರ ಲೆಕ್ಕವೂ ತಪ್ಪಾಗುವುದೆಂದರೆ ಇದೇ.

ಆದುದರಿಂದ ನಾಡಿನ ಮಾದರಿಯಲ್ಲಿ ಬೆಲೆಯನ್ನು ಮೊದಲೇ ಬರೆದಿಡುವಂತಿಲ್ಲ. ಲೆಕ್ಕದಿಂದಲೇ ಅದು ಹೊರಬರಬೇಕು. ಇದಕ್ಕೆ ದಾರಿ ತೋರಿಸಿದವನು ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್, 1952ರಲ್ಲಿ. ಮೊದಲ ಮೂಟೆ ಧಾನ್ಯಕ್ಕೆ ಜನರು ಹೆಚ್ಚು ಹಣ ಕೊಡಲು ಸಿದ್ಧರಿರುತ್ತಾರೆ. ಮೂಟೆಗಳು ಹೆಚ್ಚಿದಂತೆ ಅವರು ಕೊಡಲೊಪ್ಪುವ ಹಣ ಕಡಿಮೆಯಾಗುತ್ತದೆ. ಎಲ್ಲ ಮೂಟೆಗಳಿಗೆ ಕೊಡಲೊಪ್ಪುವ ಹಣವನ್ನು ಕೂಡಿ, ಅದರಿಂದ ಬೆಳೆಯುವ ಖರ್ಚನ್ನೂ ಸಾಗಣೆಯ ಖರ್ಚನ್ನೂ ಕಳೆಯಬೇಕು. ಹೀಗೆ ಉಳಿಯುವ ಮೊತ್ತವು ಎಲ್ಲಿ ಪರಮಾವಧಿಯಾಗುವುದೋ, ಪೈಪೋಟಿಯ ಪೇಟೆಯ ಬೆಲೆಯೂ ಅಲ್ಲಿಯೇ ನೆಲೆನಿಲ್ಲುತ್ತದೆ. ಹೀಗೆ ಪೇಟೆಯ ನಡವಳಿಕೆಯೇ ಒಂದು ಪರಮಾವಧಿಯ ಲೆಕ್ಕವಾಗಿ ಮಾರ್ಪಟ್ಟಿತು.

ಈ ತತ್ತ್ವದ ಮೇಲೆ ರಚಿತವಾದ ಹೆಸರಾಂತ ಮಾದರಿಯೊಂದು ಮೆಕ್ಸಿಕೋ ದೇಶದ ವ್ಯವಸಾಯಕ್ಕೆ ಸಂಬಂಧಿಸಿದುದು. ವಿಶ್ವಬ್ಯಾಂಕಿನ ಜಾನ್ ಡುಲಾಯ್ ಮತ್ತು ರೋಜರ್ ನಾರ್ಟನ್ ಅವರು ಮೆಕ್ಸಿಕೋದ ಅರ್ಥಶಾಸ್ತ್ರಜ್ಞರೊಡನೆ ಸೇರಿ ರೂಪಿಸಿದ ಈ ಮಾದರಿಯ ವಿವರ 1973ರಲ್ಲಿ ಪ್ರಕಟವಾಯಿತು. ಪ್ರಾಚೀನ ಮಾಯಾ ಜನರ ಮಳೆಯ ದೇವತೆಯಾದ ಚಾಕ್‌ನ ಹೆಸರನ್ನೇ ಅದಕ್ಕೆ ಇಟ್ಟರು. ಮಳೆಯನ್ನೇ ನಂಬಿದ ಒಣಭೂಮಿ, ನೀರಾವರಿಯ ಬಯಲು, ಉಷ್ಣವಲಯದ ತೇವದ ನೆಲ ಎಂದು ದೇಶವನ್ನು ವಿಭಾಗಿಸಿ, ಮುಸುಕಿನ ಜೋಳ, ಗೋಧಿ, ಹುರುಳಿಕಾಯಿಯ ಕಾಳು, ಹತ್ತಿ ಮೊದಲಾದ ಹಲವು ಬೆಳೆಗಳನ್ನು ಅದರಲ್ಲಿ ಸೇರಿಸಿದರು. ಒಂದೇ ಬೆಳೆಯನ್ನು ಎತ್ತಿನಿಂದಲೂ ಟ್ರ್ಯಾಕ್ಟರಿನಿಂದಲೂ ಬೆಳೆಯಬಹುದಾದುದರಿಂದ ಬೇರೆ ಬೇರೆ ಕ್ರಮಗಳನ್ನು ಬೇರೆಯಾಗಿಯೇ ಬರೆದರು.

ಇಂತಹ ಮಾದರಿಯಿಂದ ಸರ್ಕಾರಕ್ಕೆ ಏನು ಪ್ರಯೋಜನ? ನೀರಿನ ತೆರಿಗೆಯನ್ನು ಏರಿಸಿದರೆ ರೈತರು ಯಾವ ಬೆಳೆಯನ್ನು ಬಿಡುತ್ತಾರೆ? ಗೊಬ್ಬರಕ್ಕೆ ಸಹಾಯಧನ ಕೊಟ್ಟರೆ ಎಷ್ಟು ಧಾನ್ಯ ಹೆಚ್ಚುತ್ತದೆ? ಕೂಲಿಕಾರರಿಗೆ ಎಷ್ಟು ದಿನಗಳ ಕೆಲಸ ದೊರೆಯುತ್ತದೆ? ಇವುಗಳನ್ನು ಜನರ ಮೇಲೆ ಪ್ರಯೋಗಿಸುವ ಮೊದಲು ಕಾಗದದ ಮೇಲೆ ಪರೀಕ್ಷಿಸಬಹುದು. ಮುಖ್ಯವಾಗಿ, ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದು ಬೆಳಕಿಗೆ ಬರುತ್ತದೆ. ಬೆಲೆ ಇಳಿದರೂ ಜನರು ಅನ್ನವನ್ನು ಎರಡರಷ್ಟು ಉಣ್ಣಲಾರರು. ಆದುದರಿಂದ ಇಳುವರಿ ಹೆಚ್ಚಿದಾಗ ಬೆಲೆಯು ಅದಕ್ಕಿಂತ ವೇಗವಾಗಿ ಇಳಿದು, ಕೊಳ್ಳುವವರು ನಗುವಾಗ ಬೆಳೆದವರು ಕಣ್ಣೀರು ಸುರಿಸುವ ಸಂದರ್ಭಗಳುಂಟು. ಬರಿಯ ಉತ್ಪಾದನೆಯ ಅಂಕಿಗಳನ್ನು ನೋಡುವವನಿಗೆ ಈ ಕಣ್ಣೀರು ಕಾಣಿಸದು. ಗುರಿಯಲ್ಲಿ ಕೂಲಿಕಾರನ ದುಡಿಮೆಯ ದಿನಗಳನ್ನು ಕೇಳದೆ ಹೋದರೆ ಮಾದರಿಯು ಅವನನ್ನು ಬರಿಯ ಖರ್ಚೆಂದು ಎಣಿಸಿ ಸುಮ್ಮನಾಗುತ್ತದೆ.

1948ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ವಿದ್ವಾಂಸರ ಸಭೆಯೊಂದರಲ್ಲಿ ಡಾಂಟ್ಸಿಗ್ ತನ್ನ ವಿಧಾನವನ್ನು ವಿವರಿಸಿದನು. ಹೆರಾಲ್ಡ್ ಹೊಟೆಲಿಂಗ್ ಎಂಬ ಹಿರಿಯ ವಿದ್ವಾಂಸನು ಎದ್ದುನಿಂತು, ಜಗತ್ತು ಸರಳರೇಖೆಗಳಂತೆ ನಡೆಯುವುದಿಲ್ಲವೆಂದು ಆಕ್ಷೇಪಿಸಿದನು. ತರುಣ ಡಾಂಟ್ಸಿಗ್ ಉತ್ತರ ತೋಚದೆ ನಿಂತಿರುವಾಗ, ಮಹಾಗಣಿತಜ್ಞ ಜಾನ್ ಫಾನ್ ನಾಯ್ಮನ್ ಅವನ ನೆರವಿಗೆ ಬಂದನು. ಈತನು ತನ್ನ ನಿಯಮಗಳನ್ನು ಸ್ಪಷ್ಟವಾಗಿ ಹೇಳಿದ್ದಾನೆ; ನಿಮ್ಮ ಸಮಸ್ಯೆ ಅವುಗಳಿಗೆ ಹೊಂದಿದರೆ ಬಳಸಿ, ಹೊಂದದಿದ್ದರೆ ಬಿಡಿ ಎಂಬುದು ಅವನ ಮಾತಿನ ಸಾರ.

ಈ ಮಾತು ಎಲ್ಲ ಮಾದರಿಗಳಿಗೂ ಸಲ್ಲುತ್ತದೆ. ಮಾದರಿಯು ಹೊಲವಲ್ಲ, ಹೊಲದ ಒಂದು ಚಿತ್ರ ಮಾತ್ರ. ಯಾವ ಮಿತಿ ನಮ್ಮನ್ನು ಬಿಗಿದಿದೆ, ಅದನ್ನು ಸಡಿಲಿಸಿದರೆ ಎಷ್ಟು ಫಲ, ಒಬ್ಬರ ಲಾಭಕ್ಕೆ ಇನ್ನೊಬ್ಬರು ತೆರುವ ಬೆಲೆ ಎಷ್ಟು ಎಂಬುದನ್ನು ಅದು ತೋರಿಸಬಲ್ಲುದು. ಆದರೆ ಗುರಿ ಯಾವುದಿರಬೇಕೆಂಬುದನ್ನು ಅದು ಹೇಳಲಾರದು. ಅದನ್ನು ಹೇಳಬೇಕಾದವರು ಮನುಷ್ಯರು. ಲೆಕ್ಕ ಹಾಕುವವನಿಗೆ ಗಣಿತ ತಿಳಿದಿದ್ದರೆ ಸಾಲದು. ಹೊಲದ ಬದುವಿನ ಮೇಲೆ ನಿಂತು ಮುಗಿಲು ನೋಡುವವನ ಮನಸ್ಸೂ ತಿಳಿದಿರಬೇಕು.

ಅಭ್ಯಾಸ

1. ಮಾದರಿಯೊಂದನ್ನು ರಚಿಸುವಾಗ ಮಾಡಬೇಕಾದ ಮೂರು ಕೆಲಸಗಳು ಯಾವುವು?
2. ಛಾಯಾ ಬೆಲೆ ಎಂದರೇನು? ಪಾಠದ ಉದಾಹರಣೆಯಿಂದ ವಿವರಿಸಿ.
3. ಪಾಠದ ರೈತನಿಗೆ ಸೂರ್ಯಕಾಂತಿ ಬೆಳೆಯಲು ಒಬ್ಬರು ಸಲಹೆ ಕೊಡುತ್ತಾರೆ. ಅದಕ್ಕೆ ಎಕರೆಗೆ 4 ಅಳತೆ ನೀರು ಬೇಕು. ಆದಾಯ 9,000 ರೂಪಾಯಿ. ಭೂಮಿ ಮತ್ತು ನೀರಿನ ಛಾಯಾ ಬೆಲೆಗಳನ್ನು ಕೂಡಿ, ಈ ಸಲಹೆ ಸ್ವೀಕಾರಾರ್ಹವೆ ಎಂಬುದನ್ನು ತಿಳಿಸಿ.
4. ‘ಯಂತ್ರ ತಪ್ಪು ಮಾಡಲಿಲ್ಲ, ಪ್ರಶ್ನೆಯೇ ಅಪೂರ್ಣವಾಗಿತ್ತು.’ ಈ ಮಾತನ್ನು ಸಂದರ್ಭಸಹಿತ ವಿವರಿಸಿ.
5. ನಿಮ್ಮ ಊರಿನ ಹಿರಿಯ ರೈತರೊಬ್ಬರನ್ನು ಕಂಡು, ಈ ವರ್ಷ ಯಾವ ಬೆಳೆಯನ್ನು ಎಷ್ಟು ಭೂಮಿಯಲ್ಲಿ ಬೆಳೆಯಬೇಕೆಂದು ಅವರು ಹೇಗೆ ನಿರ್ಧರಿಸಿದರೆಂದು ಕೇಳಿ ಬರೆಯಿರಿ. ಅವರ ಲೆಕ್ಕದಲ್ಲಿದ್ದು ಈ ಪಾಠದ ಲೆಕ್ಕದಲ್ಲಿಲ್ಲದ ಅಂಶಗಳನ್ನು ಪಟ್ಟಿ ಮಾಡಿ.